ಅಣ್ಣನ ಪಿಎಸ್2 ಕೈಗೆ ಬರಬೇಕಾದರೆ

ಪ್ರಶ್ನೆ: ಸರ್, ನಾನು ಬಳ್ಳಾರಿ ಕೌಲ್ ಬಜಾರ್‌ನವನು, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಎರಡನೇ ವರ್ಷ. ನಮ್ಮಣ್ಣ 2009ರಲ್ಲಿ ತಂದ ಪ್ಲೇಸ್ಟೇಷನ್ 2 (ಪಿಎಸ್2) ಸ್ಲಿಮ್ ಅನ್ನೋ ವಿಡಿಯೋ ಗೇಮ್ ಯಂತ್ರ ಇನ್ನೂ ಚಾಲೂ ಇದೆ. ಮನೆಯಲ್ಲಿರೋದು ಒಂದೇ ಟಿವಿ, ಸಂಜೆಯಾದರೆ ಅವ್ವ ಧಾರಾವಾಹಿ ನೋಡ್ತಾಳೆ. ಕರೆಂಟ್ ಹೋದರೆ ಅದೂ ಇಲ್ಲ. ಇದಕ್ಕೆ ಸ್ಕ್ರೀನು, ಬ್ಯಾಟರಿ ಸೇರಿಸಿ ಕೈಯಲ್ಲಿ ಹಿಡಿದು ಆಡೋ ಹಾಗೆ ಮಾಡಬೇಕು ಅಂತಿದ್ದೀನಿ. ಹೊರದೇಶದವರು ನಿಂಟೆಂಡೊ ಕಂಪನಿಯ ವೀ (Wii) ಅನ್ನೋ ಗೇಮ್ ಕನ್ಸೋಲಿನ ಬೋರ್ಡನ್ನೇ ಕತ್ತರಿಸಿ ಅಂಗೈಯಷ್ಟು ಮಾಡಿದ ವಿಡಿಯೋ ನೋಡಿದೆ. ನಾನೂ ಬೋರ್ಡ್ ಕತ್ತರಿಸಬಹುದಾ? ಹಳೇ ಲ್ಯಾಪ್‌ಟಾಪ್ ಬ್ಯಾಟರಿಯ ಸೆಲ್ ಹಾಕಿದರೆ ಎಷ್ಟು ಹೊತ್ತು ಬರುತ್ತೆ? ಅಣ್ಣನಿಗೆ ಇನ್ನೂ ಹೇಳಿಲ್ಲ.

ಉತ್ತರ: ತಮ್ಮಾ, ಮೊದಲು ಅಣ್ಣನಿಗೆ ಹೇಳು. ಒಮ್ಮೆ ಬಿಚ್ಚಿ ವೈರ್ ಎಳೆದ ಮೇಲೆ ಆ ಯಂತ್ರ ಹಳೆಯ ರೂಪಕ್ಕೆ ಬರುವುದು ಕಷ್ಟ. ಸೋನಿಯವರು ಪಿಎಸ್2 ತಯಾರಿಕೆಯನ್ನು 2013ರ ಆರಂಭದಲ್ಲೇ ನಿಲ್ಲಿಸಿದ್ದಾರೆ, ಹಾಳಾದರೆ ಅಂಗಡಿಯಿಂದ ಹೊಸದು ತರಲು ಆಗದು. ಅಣ್ಣ ಹೂಂ ಅಂದ ಮೇಲೆ ಮುಂದಿನದು ಓದು.

ಬೋರ್ಡ್ ಕತ್ತರಿಸಬಹುದಾ ಅಂದೆ. ನಿನ್ನ ಕೈಯಲ್ಲಿರುವ ಒಂದೇ ಬೋರ್ಡನ್ನು ಕತ್ತರಿಸಬೇಡ. ನೀನು ನೋಡಿದ ವೀ ಬೋರ್ಡ್ ಅಷ್ಟು ಚಿಕ್ಕದಾಗಲು ಕಾರಣವಿದೆ. ಅದರಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಚಿಪ್, ಮೆಮೊರಿ ಒಂದೇ ಕಡೆ ಒತ್ತಾಗಿ ಕೂತಿವೆ. ಸುತ್ತಲಿನ ಅಂಚಿನಲ್ಲಿರುವುದು ಬಹುಪಾಲು ಕನೆಕ್ಟರ್‌ಗಳು ಮತ್ತು ವೋಲ್ಟೇಜ್ ಇಳಿಸುವ ಸರ್ಕ್ಯೂಟ್‌ಗಳು. ಎಲ್ಲಿಯವರೆಗೆ ಕತ್ತರಿಸಿದರೆ ಜೀವ ಉಳಿಯುತ್ತದೆ ಎಂಬುದನ್ನು ಹವ್ಯಾಸಿಗಳು ಎಷ್ಟೋ ಬೋರ್ಡ್‌ಗಳನ್ನು ಬಲಿಕೊಟ್ಟು ಕಂಡುಕೊಂಡಿದ್ದಾರೆ. ಕತ್ತರಿಸಿದ ಮೇಲೂ ಕೆಲಸ ಮುಗಿಯುವುದಿಲ್ಲ. ಅಂಚಿನ ಜೊತೆ ಪವರ್ ಸರ್ಕ್ಯೂಟ್ ಹೋಗಿರುತ್ತದೆ, ಹಾಗಾಗಿ 1 ವೋಲ್ಟ್, 1.15 ವೋಲ್ಟ್, 1.8 ವೋಲ್ಟ್, 3.3 ವೋಲ್ಟ್ ಎಲ್ಲವನ್ನೂ ನೀನೇ ಬೇರೆ ಬೇರೆಯಾಗಿ ಕೊಡಬೇಕು. ಬೋರ್ಡಿನ ಒಳಗಿರುವ ತಾಮ್ರದ ಪದರಗಳು ಕತ್ತರಿಸಿದ ಅಂಚಿನಲ್ಲಿ ಒಂದಕ್ಕೊಂದು ತಗುಲಿ ಶಾರ್ಟ್ ಆಗುತ್ತವೆ. ನೀರು ಹಾಕಿ ನುಣುಪು ಪಾಲಿಶ್ ಕಾಗದದಿಂದ ಉಜ್ಜಿ, ಪ್ರತಿ ಲೈನಿನ ರೆಸಿಸ್ಟೆನ್ಸ್ ನೋಡಿ, ಆಮೇಲೆ ಕರೆಂಟ್ ಕೊಡಬೇಕು. ಕೆಟ್ಟು ಮೂಲೆಗೆ ಬಿದ್ದ ಬೋರ್ಡ್ ಸಿಕ್ಕರೆ ಅದರ ಮೇಲೆ ಈ ಕೆಲಸ ಕಲಿ.

ನಿನಗೆ ಅದರ ಅಗತ್ಯವೂ ಇಲ್ಲ. ಸ್ಲಿಮ್ ಪಿಎಸ್2 ಇಡಿಯಾಗಿ 23 ಸೆಂ.ಮೀ. ಅಗಲ, 15.2 ಸೆಂ.ಮೀ. ಉದ್ದ, 2.8 ಸೆಂ.ಮೀ. ದಪ್ಪ. ಕೈಯಲ್ಲಿ ಹಿಡಿದು ಆಡುವ 2017ರ ನಿಂಟೆಂಡೊ ಸ್ವಿಚ್ ಎರಡೂ ಬದಿಯ ಗುಂಡಿಗಳ ಸಮೇತ 23.9 ಸೆಂ.ಮೀ. ಅಗಲ ಇದೆ. ಅಂದರೆ ಅಗಲ ಕೈಗೆ ಒಗ್ಗುವಂಥದ್ದೇ. ತೊಂದರೆ ಕೊಡುವುದು ಆ 15 ಸೆಂಟಿಮೀಟರ್. ಡಿಸ್ಕ್ ಡ್ರೈವ್ ತೆಗೆದು, ಎತ್ತರವಾಗಿ ನಿಂತ ಸಾಕೆಟ್‌ಗಳನ್ನು ಸೋಲ್ಡರ್ ಬಿಡಿಸಿ ಕಿತ್ತರೆ, ಸ್ಕ್ರೀನನ್ನು ಬೋರ್ಡಿನ ಬೆನ್ನಿಗೆ ಕೂರಿಸಬಹುದು. ಪರೀಕ್ಷೆ ಬರೆಯುವ ಪ್ಯಾಡಿಗಿಂತ ಚಿಕ್ಕದು, ಸ್ವಲ್ಪ ದಪ್ಪ, ಅಷ್ಟೇ. ಮೊದಲ ಪ್ರಯತ್ನಕ್ಕೆ ಅದು ಸಾಕು.

ಈ ಹುಚ್ಚು ಇವತ್ತಿನದಲ್ಲ. ಅಮೆರಿಕದ ಬೆಂಜಮಿನ್ ಹೆಕೆಂಡಾರ್ನ್ 2000ದಲ್ಲಿ ಅಟಾರಿ 2600 ಎಂಬ 1977ರ ಯಂತ್ರವನ್ನು ಕೈಯಲ್ಲಿ ಹಿಡಿಯುವಂತೆ ಮಾಡಿದ ಮೇಲೆ ಎಷ್ಟೋ ಜನ ಆ ದಾರಿ ಹಿಡಿದರು. ಅದಕ್ಕೂ ಮೊದಲು ಕಂಪನಿಗಳೇ ಮಾಡಿದ್ದವು. ಎನ್‌ಇಸಿ 1990ರಲ್ಲಿ ತನ್ನ ಮನೆ ಕನ್ಸೋಲಿನ ಆಟದ ಕಾರ್ಡುಗಳನ್ನೇ ಹಾಕಿ ಆಡುವ ಟರ್ಬೊಎಕ್ಸ್‌ಪ್ರೆಸ್ ತಂದಿತು. ಸೆಗಾ 1995ರಲ್ಲಿ ತನ್ನ ಮನೆ ಕನ್ಸೋಲ್ ಜೆನೆಸಿಸ್‌ನ ಕ್ಯಾಸೆಟ್ ಹಾಕುವ ನೋಮ್ಯಾಡ್ ತಂದಿತು. ಎರಡಕ್ಕೂ ಪೆನ್ಸಿಲ್ ಸೆಲ್ ಆರಾರು ಬೇಕಿತ್ತು, ಅವು ಎರಡು ಮೂರು ಗಂಟೆಯಲ್ಲಿ ಖಾಲಿ. ನುರಿತ ಎಂಜಿನಿಯರುಗಳಿದ್ದ ಕಂಪನಿಗಳೂ ಎಡವಿದ ಕಲ್ಲು ಇದೇ. ಆದ್ದರಿಂದ ಈ ಕೆಲಸವನ್ನು ಪೆಟ್ಟಿಗೆಯಿಂದ ಶುರು ಮಾಡಬೇಡ, ಮೀಟರಿನಿಂದ ಶುರು ಮಾಡು.

ಮೊದಲು ಯಂತ್ರವನ್ನು ತಿರುಗಿಸಿ ಅಡಿಯ ಚೀಟಿ ನೋಡು. 2009ರಲ್ಲಿ ತಂದದ್ದಾದರೆ ಎರಡು ಬಗೆಯಲ್ಲಿ ಯಾವುದೂ ಇರಬಹುದು. ಮಾಡೆಲ್ ನಂಬರ್ ಎಸ್‌ಸಿಪಿಎಚ್ 70000ದಿಂದ 79000ದವರೆಗಿನವಕ್ಕೆ ಅಡಾಪ್ಟರ್ ಹೊರಗಿರುತ್ತದೆ, ಅದು 8.5 ವೋಲ್ಟ್ ಡಿಸಿ ಕೊಡುತ್ತದೆ. 90000ದಿಂದ ಶುರುವಾಗುವ ಮಾಡೆಲ್ ಆದರೆ ಅಡಾಪ್ಟರ್ ಇಲ್ಲ, ಮನೆ ಕರೆಂಟಿನ ವೈರ್ ನೇರವಾಗಿ ಒಳಗೇ ಹೋಗುತ್ತದೆ. ನಿನ್ನದು ಎರಡನೆಯದಾದರೆ ಒಬ್ಬನೇ ಮುಚ್ಚಳ ತೆಗೆಯಬೇಡ. 230 ವೋಲ್ಟ್ ಎಸಿಯನ್ನು ಡಿಸಿ ಮಾಡಿದಾಗ ಒಳಗಿನ ದೊಡ್ಡ ಕೆಪಾಸಿಟರ್ ಮೇಲೆ 325 ವೋಲ್ಟ್‌ವರೆಗೆ ಕೂತಿರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಇರುತ್ತದೆ. ಟಿವಿ ರಿಪೇರಿ ಮಾಡಿದ ಅನುಭವಸ್ಥರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಆ ಕೆಲಸ ಮಾಡು.

ಹೊರಗೆ ಅಡಾಪ್ಟರ್ ಇದ್ದರೆ ಕೆಲಸ ಸುಲಭ. ಮೊದಲ ಸ್ಲಿಮ್‌ಗಳ ಅಡಾಪ್ಟರ್ ಮೇಲೆ 8.5 ವೋಲ್ಟ್, 5.65 ಆಂಪಿಯರ್ ಎಂದು ಬರೆದಿರುತ್ತದೆ. ಗುಣಿಸಿದರೆ 48 ವ್ಯಾಟ್. ಇದನ್ನು ನೋಡಿಯೇ ಎಷ್ಟೋ ಹುಡುಗರು ಕೈಬಿಡುತ್ತಾರೆ. ಆ ಅಂಕಿ ಅಡಾಪ್ಟರ್ ಎಷ್ಟು ಕೊಡಬಲ್ಲದು ಎಂಬುದು, ಯಂತ್ರ ಎಷ್ಟು ಕುಡಿಯುತ್ತದೆ ಎಂಬುದಲ್ಲ. ಕುಡಿಯುವುದನ್ನು ನೀನೇ ಅಳೆ. ಮಲ್ಟಿಮೀಟರಿನ ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಹಾಕಿ, ಅಡಾಪ್ಟರಿನ ಡಿಸಿ ಲೈನಿನ ಪ್ಲಸ್ ಕಡಿದು ಮಧ್ಯೆ ಮೀಟರ್ ಸೇರಿಸು. ಮೀಟರ್ ಲೈನಿನ ನಡುವೆ ಇರಬೇಕು. ಪ್ಲಸ್ ಮೈನಸ್ ಎರಡಕ್ಕೂ ಅಡ್ಡ ಹಿಡಿದರೆ ಮೀಟರಿನ ಫ್ಯೂಸ್ ಹೋಗುತ್ತದೆ. ಬರೀ ಮೆನು ಇದ್ದಾಗ ಎಷ್ಟು, ಡಿಸ್ಕ್ ತಿರುಗುತ್ತ ಆಟ ನಡೆದಾಗ ಎಷ್ಟು, ಡಿಸ್ಕ್ ಇಲ್ಲದೆ (ಅದು ಹೇಗೆಂದು ಮುಂದೆ ಹೇಳುತ್ತೇನೆ) ಆಟ ನಡೆದಾಗ ಎಷ್ಟು, ಕಂಟ್ರೋಲರ್ ನಡುಗಿದಾಗ ಎಷ್ಟು, ನಾಲ್ಕನ್ನೂ ನೋಟ್‌ಬುಕ್ಕಿನಲ್ಲಿ ಬರೆ. ಡಿಸ್ಕ್ ತಿರುಗುವ ಮೋಟರು, ಲೇಸರು ಎಷ್ಟು ತಿನ್ನುತ್ತವೆ ಎಂಬುದು ಆ ಅಂಕಿಗಳಲ್ಲೇ ಕಾಣುತ್ತದೆ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅನ್ನುತ್ತಾರಲ್ಲ, ಇಲ್ಲಿ ಹಾಸಿಗೆ ಅಂದರೆ ವ್ಯಾಟ್-ಅವರ್, ಬ್ಯಾಟರಿ ಎಷ್ಟು ವ್ಯಾಟನ್ನು ಎಷ್ಟು ಗಂಟೆ ಕೊಡಬಲ್ಲದು ಎಂಬ ಲೆಕ್ಕ. ಲೆಕ್ಕ ಹೇಗೆ ಅಂತ ಒಂದು ಉದಾಹರಣೆ ಹೇಳುತ್ತೇನೆ. ನಿನ್ನ ಮೀಟರ್ 1.5 ಆಂಪಿಯರ್ ತೋರಿಸಿತು ಅಂದುಕೋ. 8.5ರಿಂದ ಗುಣಿಸಿದರೆ ಸುಮಾರು 13 ವ್ಯಾಟ್. ಸ್ಕ್ರೀನಿಗೆ 2 ವ್ಯಾಟ್ ಸೇರಿಸು, 15 ಆಯಿತು. 2500 ಎಂಎಎಚ್‌ನ ಮೂರು 18650 (ಲ್ಯಾಪ್‌ಟಾಪ್ ಪ್ಯಾಕಿನ ದುಂಡು ಲಿಥಿಯಂ) ಸೆಲ್‌ಗಳನ್ನು ಸೀರಿಸ್, ಅಂದರೆ ಒಂದರ ಹಿಂದೆ ಒಂದರಂತೆ, ಜೋಡಿಸಿದರೆ ಸೆಲ್‌ಗೆ 3.6 ವೋಲ್ಟ್ ಲೆಕ್ಕದಲ್ಲಿ 27 ವ್ಯಾಟ್-ಅವರ್. ವೋಲ್ಟೇಜ್ ಇಳಿಸುವ ಕನ್ವರ್ಟರ್‌ನಲ್ಲಿ ಹತ್ತರಲ್ಲಿ ಒಂದು ಪಾಲು ಬಿಸಿಯಾಗಿ ಹೋಗುತ್ತದೆ, ಸೆಲ್ ಪೂರ್ತಿ ಬರಿದಾಗಬಾರದೆಂದು ಇನ್ನೊಂದು ಪಾಲು ಬಿಡಬೇಕು. ಉಳಿಯುವುದು ಸುಮಾರು 22. ಆಟ ಒಂದೂವರೆ ಗಂಟೆಯೂ ಪೂರ್ತಿ ಬರದು. ಮೂರು ಜೋಡಿ, ಅಂದರೆ ಆರು ಸೆಲ್ ಹಾಕಿದರೆ ಮೂರು ಗಂಟೆಯ ಹತ್ತಿರ ಬರುತ್ತದೆ, ಸೆಲ್‌ಗಳ ತೂಕವೇ ಕಾಲು ಕಿಲೋ ಮೀರುತ್ತದೆ. ನಿನ್ನ ಯಂತ್ರದ ಅಂಕಿ ಬೇರೆ ಇರುತ್ತದೆ, ಲೆಕ್ಕದ ದಾರಿ ಇದೇ.

ಮೂರು ಸೀರಿಸ್ ಯಾಕೆ, ಎರಡೇ ಸಾಲದೇ ಎಂದು ನಿನಗೆ ಅನಿಸಬಹುದು. ಎರಡು ಸೆಲ್ ಪೂರ್ತಿ ತುಂಬಿದಾಗ 8.4 ವೋಲ್ಟ್, 8.5ಕ್ಕೆ ಹತ್ತಿರವೇ. ನೇರವಾಗಿ ಕೊಟ್ಟರೆ ಯಂತ್ರ ಆನ್ ಆಗಲೂಬಹುದು. ಆದರೆ ಆಡುತ್ತ ಹೋದಂತೆ ಅದು 7, 6.5 ಎಂದು ಇಳಿಯುತ್ತದೆ. ಕಂಟ್ರೋಲರಿನ ನಡುಕದ ಮೋಟರಿಗೇ 7.6 ವೋಲ್ಟ್ ಬೇಕು. ಆಟದ ನಡುವೆ ಯಂತ್ರ ನಿಂತು, ಅದೇ ಗಳಿಗೆಯಲ್ಲಿ ಮೆಮೊರಿ ಕಾರ್ಡ್ ಬರೆಯುತ್ತಿದ್ದರೆ ಅಣ್ಣನ ಸೇವ್‌ಗಳೆಲ್ಲ ಹೋದವು. ಮೂರು ಸೆಲ್ ಆದರೆ ತುಂಬಿದಾಗ 12.6, ಸೆಲ್‌ಗೆ 3.3ರಲ್ಲಿ ನಿಲ್ಲಿಸಿದರೆ 9.9. ಅದನ್ನು ಬಕ್ ಕನ್ವರ್ಟರ್‌ನಿಂದ 8.5ಕ್ಕೆ ಇಳಿಸಿದರೆ ಕೊನೆಯವರೆಗೂ ಒಂದೇ ಸಮ. ಎಲ್‌ಎಂ2596 ಮಾಡ್ಯೂಲ್ ಅಗ್ಗ, 3 ಆಂಪಿಯರ್ ಎಂದು ಹೇಳುತ್ತಾರೆ, 2 ದಾಟಿದರೆ ಬೆರಳಿಡಲಾಗದಷ್ಟು ಕಾಯುತ್ತದೆ. 5 ಆಂಪಿಯರ್‌ನ ಎಕ್ಸ್‌ಎಲ್4015 ತೆಗೆದುಕೋ. ಈ ಮಾಡ್ಯೂಲ್‌ಗಳು ಅಂಗಡಿಯಿಂದ ಬರುವಾಗ ಯಾವ ವೋಲ್ಟ್‌ಗೆ ತಿರುಗಿರುತ್ತವೋ ದೇವರಿಗೇ ಗೊತ್ತು. ಯಂತ್ರಕ್ಕೆ ಜೋಡಿಸುವ ಮೊದಲು ಮೀಟರ್ ಹಿಡಿದು ಚಿಕ್ಕ ಸ್ಕ್ರೂ ತಿರುಗಿಸಿ 8.5ಕ್ಕೆ ತಂದು, ಒಂದು ಹನಿ ನೇಲ್ ಪಾಲಿಶ್ ಹಾಕಿ ಅದು ಅಲುಗದಂತೆ ಮಾಡು.

ಪ್ಯಾಕಿಗೆ ಹಾಕುವ ಬಿಎಂಎಸ್ ಎಂಬ ಸೆಲ್ ರಕ್ಷಣೆಯ ಬೋರ್ಡ್ ಇದೆಯಲ್ಲ, ಅದೇ ನಿಲ್ಲಿಸುತ್ತದೆ ಎಂದು ಸುಮ್ಮನಿರಬೇಡ. ಸಾಮಾನ್ಯ ಬಿಎಂಎಸ್‌ಗಳು ಸೆಲ್ 2.5–2.8 ವೋಲ್ಟಿಗೆ ಇಳಿದಾಗ ಕಡಿಯುತ್ತವೆ. ಅದು ಕೊನೆಯ ಕಾವಲುಗಾರ ಮಾತ್ರ. ರಿಮೋಟ್ ಆಟದ (ಆರ್‌ಸಿ) ವಿಮಾನ ಹಾರಿಸುವವರು ಬಳಸುವ ಲೋ ವೋಲ್ಟೇಜ್ ಬಜರ್ ಹಾಕಿ 3.3ಕ್ಕೆ ಕೂಗುವಂತೆ ಮಾಡು. ಪ್ಯಾಕಿನ ಪ್ಲಸ್ ವೈರಿನಲ್ಲಿ, ಪ್ಯಾಕಿಗೆ ಆದಷ್ಟು ಹತ್ತಿರ, ಆಟೊಮೊಬೈಲ್ ಅಂಗಡಿಯ ಸಣ್ಣ ಬ್ಲೇಡ್ ಫ್ಯೂಸ್ ಒಂದು ಇರಲಿ. ಈ ಉದಾಹರಣೆಯ ಲೆಕ್ಕಕ್ಕೆ 3 ಆಂಪಿಯರ್ ಸಾಕು.

ಈಗ ಲ್ಯಾಪ್‌ಟಾಪ್ ಸೆಲ್ ವಿಚಾರ. ಹಳೆಯ ಪ್ಯಾಕಿನಲ್ಲಿ ಒಳ್ಳೆಯವೂ ಸಿಗುತ್ತವೆ, ಆದರೆ ಅಳೆಯದೆ ಒಂದನ್ನೂ ಹಾಕಬೇಡ. 2 ವೋಲ್ಟ್‌ಗಿಂತ ಕೆಳಗೆ ಬಿದ್ದು ಎಷ್ಟೋ ದಿನ ಕೂತ ಸೆಲ್ಲನ್ನು ಮತ್ತೆ ಚಾರ್ಜ್ ಮಾಡಲು ಹೋಗಬಾರದು, ಅದು ಇ-ತ್ಯಾಜ್ಯಕ್ಕೆ ಹೋಗಲಿ. ಉಳಿದವನ್ನು ತುಂಬಿಸಿ, ಖಾಲಿ ಮಾಡಿ ಎಷ್ಟು ಎಂಎಎಚ್ ಉಳಿದಿದೆ ನೋಡು. ಮೂರೂ ಹೆಚ್ಚುಕಡಿಮೆ ಒಂದೇ ಅಂಕಿಯವು ಇರಬೇಕು. ಒಂದು ಬಡವಾದರೆ ಸೀರಿಸ್‌ನಲ್ಲಿ ಅದೇ ಮೊದಲು ಬರಿದಾಗುತ್ತದೆ, ಅದೇ ಮೊದಲು ಕಾಯುತ್ತದೆ. ಹೊಸದು ಕೊಳ್ಳುವಾಗ 9900 ಎಂಎಎಚ್ ಎಂದು ಅಚ್ಚು ಹಾಕಿದ ಸೆಲ್ ಕಂಡರೆ ಕೈಯಲ್ಲೂ ಮುಟ್ಟಬೇಡ. ಒಳ್ಳೆಯ 18650 ಸೆಲ್ 3500ರ ಆಸುಪಾಸಿನಲ್ಲಿ ನಿಲ್ಲುತ್ತದೆ, 45 ಗ್ರಾಂ ಹತ್ತಿರ ತೂಗುತ್ತದೆ. ಜೋಡಣೆಗೆ ಸೆಲ್ ತಲೆಯ ಮೇಲೆ ಸೋಲ್ಡರಿಂಗ್ ಐರನ್ ಒತ್ತಿ ಹಿಡಿಯಬಾರದು, ಆ ಬಿಸಿ ಒಳಗಿನ ಪದರವನ್ನು ಸುಡುತ್ತದೆ. ಎಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿ ಕಟ್ಟುವವರ ಹತ್ತಿರ ಸ್ಪಾಟ್ ವೆಲ್ಡಿಂಗ್ ಯಂತ್ರ ಇರುತ್ತದೆ, ನಿಕ್ಕಲ್ ಪಟ್ಟಿ ಹಾಕಿಸಿಕೊಂಡು ಬಾ. ಅವರು ಕೆಲಸ ಮಾಡುವುದನ್ನು ನಿಂತು ನೋಡು, ಓದಿನಲ್ಲಿ ಸಿಗದ್ದು ಅಲ್ಲಿ ಸಿಗುತ್ತದೆ.

ಇಷ್ಟೆಲ್ಲ ಹೇಳಿದ್ದು ಯಾವ ಊರಿನವರಿಗೂ ಸಲ್ಲುತ್ತದೆ. ಇನ್ನು ಹೇಳುವುದು ನಮ್ಮ ಬಿಸಿಲಿಗಾಗಿಯೇ. ಲಿಥಿಯಂ ಸೆಲ್ಲನ್ನು 45 ಡಿಗ್ರಿಗಿಂತ ಮೇಲೆ ಚಾರ್ಜ್ ಮಾಡಬಾರದು ಎಂಬುದು ಸೆಲ್ ತಯಾರಕರ ಸಾಮಾನ್ಯ ನಿಯಮ. ಹೊರದೇಶದ ಆ ವಿಡಿಯೋ ಮಾಡಿದವನ ಕೋಣೆ 22 ಡಿಗ್ರಿಯೋ 25 ಡಿಗ್ರಿಯೋ ಇರುತ್ತದೆ, ಅವನಿಗೆ ಇಪ್ಪತ್ತು ಡಿಗ್ರಿ ಉಸಿರಾಡಲು ಜಾಗವಿದೆ. ಮೇ ತಿಂಗಳ ಬಳ್ಳಾರಿಯಲ್ಲಿ, ರಾಯಚೂರಿನಲ್ಲಿ ಗಾಳಿಯೇ 42 ಮುಟ್ಟುತ್ತದೆ. ನಮಗೆ ಉಳಿಯುವುದು ಮೂರು ಡಿಗ್ರಿ. ಮುಚ್ಚಿದ ಪೆಟ್ಟಿಗೆಯಲ್ಲಿ ಒಂದು ಕಡೆ ಚಿಪ್ ಕಾಯುತ್ತಿದೆ, ಇನ್ನೊಂದು ಕಡೆ ಕನ್ವರ್ಟರ್ ಕಾಯುತ್ತಿದೆ, ನಡುವೆ ಸೆಲ್ ಚಾರ್ಜ್ ಆಗುತ್ತಿದೆ ಅಂದರೆ ಆ ಮೂರು ಡಿಗ್ರಿ ಹತ್ತು ನಿಮಿಷವೂ ನಿಲ್ಲುವುದಿಲ್ಲ.

ಇದನ್ನು ನಾನು ಕಲಿತದ್ದು ನನ್ನ ಬೆಂಚಿನ ಮೇಲೆ. ಒಂದು ಬೇಸಿಗೆಯಲ್ಲಿ ಹಳೇ ಟ್ಯಾಬ್ಲೆಟ್ಟಿನ ಚಪ್ಪಟೆ ಸೆಲ್ ಹಾಕಿ ಚಿಕ್ಕ ಕೈಯಾಟದ ಯಂತ್ರ ಮಾಡಿದ್ದೆ. ಮಧ್ಯಾಹ್ನ ತಗಡಿನ ಶೀಟಿನ ಕೆಳಗೆ ಚಾರ್ಜಿಗೆ ಇಟ್ಟು ಊಟಕ್ಕೆ ಹೋದೆ. ಬಂದು ನೋಡಿದರೆ ಪೆಟ್ಟಿಗೆಯ ಜೋಡು ಬಾಯಿ ಬಿಟ್ಟಿತ್ತು, ಒಳಗೆ ಸೆಲ್ ಪೂರಿಯ ಹಾಗೆ ಉಬ್ಬಿತ್ತು. ಪ್ಲಗ್ ಕಿತ್ತು, ಮರಳಿನ ಬಕೆಟ್ಟಿನಲ್ಲಿಟ್ಟು ಅಂಗಳಕ್ಕೆ ಒಯ್ದೆ. ಬೆಂಕಿ ಹತ್ತಲಿಲ್ಲ, ನನ್ನ ಪುಣ್ಯ. ಅಂದಿನಿಂದ ನಾನು ಮಾಡುವ ಯಾವ ಯಂತ್ರದಲ್ಲೂ ಸೆಲ್ ಪ್ಯಾಕ್ ಹೊರಗೆ ತೆಗೆಯಲು ಬರುವಂತೆ ಇರುತ್ತದೆ. ಚಾರ್ಜ್ ಮಾಡುವುದು ಬೆಳಗಿನ ಜಾವ, ಗಚ್ಚಿನ ನೆಲದ ಮೇಲೆ, ಪೆಟ್ಟಿಗೆಯಿಂದ ಹೊರಗೆ, ಎದುರಿಗೆ ಕೂತುಕೊಂಡು. ಆಡುತ್ತ ಚಾರ್ಜ್ ಮಾಡುವ ಸೌಲಭ್ಯ ಕೊಡಬೇಡ. ಚಾರ್ಜರ್ ಕೂಡ 12.6 ವೋಲ್ಟ್‌ನ ಲಿಥಿಯಂ ಚಾರ್ಜರೇ ಆಗಬೇಕು. ಸಿಸಿಟಿವಿಯ 12 ವೋಲ್ಟ್ ಅಡಾಪ್ಟರ್ ಹಾಕಿದರೂ ನಡೆಯುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಬೇಡ.

ಚಿಪ್ಪಿನ ಬಿಸಿಯದೂ ಇದೇ ಲೆಕ್ಕ. ಹೊರಗಿನ ಗಾಳಿ 25ರಿಂದ 42ಕ್ಕೆ, ಅಂದರೆ ಹದಿನೇಳು ಡಿಗ್ರಿ ಹೆಚ್ಚಿದರೆ ಚಿಪ್ ಕೂಡ ಹೆಚ್ಚುಕಡಿಮೆ ಅಷ್ಟೇ ಹೆಚ್ಚು ಕಾಯುತ್ತದೆ. ಚಿಪ್ಪಿನ ಬಿಸಿ ಹೀರುವ ಮೂಲ ಲೋಹದ ಹೀಟ್‌ಸಿಂಕನ್ನೂ ಫ್ಯಾನನ್ನೂ ಜಾಗ ಉಳಿಸಲೆಂದು ತೆಗೆಯಬೇಡ, ಒಣಗಿದ ಪೇಸ್ಟ್ ಒರೆಸಿ ಹೊಸದು ಹಚ್ಚು. ಗಾಳಿ ಕೆಳಗಿನಿಂದ ಬಂದು ಮೇಲಂಚಿನಿಂದ ಹೊರಗೆ ಹೋಗಲಿ, ಬೆರಳಿರುವ ಬದಿಗಳಿಂದ ಬೇಡ. ಸಂಡೂರು, ತೋರಣಗಲ್ಲಿನ ಕಡೆಯ ಕೆಂಪು ಧೂಳು ನಮ್ಮ ಫ್ಯಾನ್‌ಗಳಿಗೆ ಏನು ಮಾಡುತ್ತದೆ ಎಂಬುದು ನಿನಗೆ ಗೊತ್ತು. ಗಾಳಿ ಒಳಬರುವಲ್ಲಿ ಕಿಟಕಿಗೆ ಹಾಕುವ ಸೊಳ್ಳೆ ಜಾಲರಿಯ ತುಂಡು ಕೂರಿಸಿ ವಾರಕ್ಕೊಮ್ಮೆ ತೊಳೆ.

ಡಿಸ್ಕ್ ಡ್ರೈವ್ ಬೇಡ ಅಂದೆನಲ್ಲ, ಕರೆಂಟ್ ಉಳಿತಾಯ ಒಂದೇ ಕಾರಣವಲ್ಲ. ತಿರುಗುವ ಡಿಸ್ಕ್ ಇರುವ ಯಂತ್ರವನ್ನು ಕೈಯಲ್ಲಿ ಆಚೀಚೆ ತಿರುಗಿಸಿದರೆ ಡಿಸ್ಕ್ ಗೀರಿ ಹೋಗುತ್ತದೆ. ಫ್ರೀ ಎಂಸಿಬೂಟ್ ಎಂಬ ಉಚಿತ ತಂತ್ರಾಂಶ ಹಾಕಿದ ಮೆಮೊರಿ ಕಾರ್ಡಿನಿಂದ ಯಂತ್ರ ಏಳಿಸಿ, ನಿನ್ನ ಸ್ವಂತ ಡಿಸ್ಕ್‌ಗಳ ನಕಲನ್ನು ಪೆನ್‌ಡ್ರೈವಿನಿಂದ ಓಡಿಸಬಹುದು. ಎರಡು ತೊಡಕಿವೆ. 90000ದ ಸಾಲಿನ ಕೊನೆಯ ಯಂತ್ರಗಳಲ್ಲಿ, ಬಯಾಸ್ (ಯಂತ್ರ ಏಳುವಾಗ ಓಡುವ ಒಳಗಿನ ಪ್ರೋಗ್ರಾಂ) 2.30 ಇರುವವುಗಳಲ್ಲಿ, ಆ ಕಾರ್ಡ್ ಕೆಲಸ ಮಾಡುವುದಿಲ್ಲ. ಇನ್ನೊಂದು, ಪಿಎಸ್2ರ ಯುಎಸ್‌ಬಿ ಹಳೆಯ 1.1 ಬಗೆಯದು, ಸೆಕೆಂಡಿಗೆ ಒಂದೂವರೆ ಮೆಗಾಬೈಟ್ ದಾಟುವುದಿಲ್ಲ. ಡಿವಿಡಿ ಡ್ರೈವ್ ಐದು ಮೆಗಾಬೈಟ್ ಮೀರಿ ಓದುತ್ತದೆ. ಹಾಗಾಗಿ ಆಟದ ನಡುವಿನ ವಿಡಿಯೋ ದೃಶ್ಯಗಳು ತಡೆತಡೆದು ಓಡುತ್ತವೆ, ಆಟ ಮಾತ್ರ ಬಹುಪಾಲು ಚೆನ್ನಾಗಿಯೇ ನಡೆಯುತ್ತದೆ. ಡ್ರೈವಿನ ಪಟ್ಟಿ ವೈರ್ ಕಳಚುವ ಮೊದಲು ನಿನ್ನ ಇಷ್ಟದ ಆಟಗಳು ಹೀಗೆ ಓಡುತ್ತವೆಯೇ ಎಂದು ಟಿವಿಯಲ್ಲೇ ನೋಡಿಕೋ.

ಸ್ಕ್ರೀನಿಗೆ ಕಾರಿನ ರಿವರ್ಸ್ ಕ್ಯಾಮೆರಾದ 4.3 ಇಂಚಿನದು ಎಲ್ಲ ಆಟೊಮೊಬೈಲ್ ಅಂಗಡಿಯಲ್ಲೂ ಸಿಗುತ್ತದೆ. ಹಳದಿ ಪಿನ್ನಿನ ವಿಡಿಯೋ ನೇರವಾಗಿ ತೆಗೆದುಕೊಳ್ಳುತ್ತದೆ, ಪ್ಯಾಕಿನ ವೋಲ್ಟೇಜಿನಲ್ಲೇ ಬಹುಪಾಲು ಓಡುತ್ತದೆ. ಬಹಳಷ್ಟರ ರೆಸಲ್ಯೂಷನ್ 480 ಗುಣಿಸು 272 ಮಾತ್ರ, ಸಣ್ಣ ಅಕ್ಷರ ಓದಲು ಕಣ್ಣು ನೋಯುತ್ತದೆ. ಹೆಚ್ಚಿನ ಪಿಎಸ್2 ಆಟಗಳು 4:3 ಚೌಕಟ್ಟಿನವು, 640 ಗುಣಿಸು 480ರ 5 ಇಂಚಿನ ಪ್ಯಾನಲ್ ಅದರ ಬೋರ್ಡಿನ ಸಮೇತ ಸಿಕ್ಕರೆ ಸ್ವಲ್ಪ ದುಡ್ಡು ಹೆಚ್ಚಾದರೂ ಅದನ್ನೇ ತಗೋ.

ಗುಂಡಿಗಳಿಗೆ ಹೊಸ ಸರ್ಕ್ಯೂಟ್ ಮಾಡಲು ಹೋಗಬೇಡ, ಒಂದು ಕಂಟ್ರೋಲರ್ ಬಿಚ್ಚಿ ಅದರ ಬೋರ್ಡನ್ನೇ ಬಳಸು. ಪಿಎಸ್2ರ ಮೂಲ ಡ್ಯುಯಲ್‌ಶಾಕ್ 2ರೊಳಗೆ ಗುಂಡಿಗಳ ಕೆಳಗೆ ತೆಳು ಪ್ಲಾಸ್ಟಿಕ್ ಹಾಳೆ ಇರುತ್ತದೆ, ಅದಕ್ಕೆ ಸೋಲ್ಡರ್ ಹಿಡಿಯುವುದಿಲ್ಲ, ಕರಗಿಹೋಗುತ್ತದೆ. ಬೋರ್ಡಿನ ಮೇಲೇ ಕಪ್ಪು ಕಾರ್ಬನ್ ಚುಕ್ಕೆಗಳಿರುವ ಹಳೇ ಪಿಎಸ್1 ಕಂಟ್ರೋಲರ್ ಆದರೆ ವೈರ್ ಎಳೆಯುವುದು ಸಲೀಸು, ಅನಲಾಗ್ ಕಡ್ಡಿ ಇರುವುದನ್ನೇ ಆರಿಸು.

ಪೆಟ್ಟಿಗೆಗೆ ಸೈನ್ ಬೋರ್ಡ್ ಮಾಡುವವರ ಹತ್ತಿರ ಲೇಸರ್ ಕಟಿಂಗ್ ಯಂತ್ರ ಇರುತ್ತದೆ, 3 ಮಿ.ಮೀ. ಅಕ್ರಿಲಿಕ್ ಹಾಳೆಯಲ್ಲಿ ನಿನ್ನ ಅಳತೆಗೆ ಕತ್ತರಿಸಿಕೊಡುತ್ತಾರೆ. ಕೊಪ್ಪಳದ ಕಿನ್ನಾಳದಲ್ಲಿ ಹಗುರ ಮರದಿಂದ ಬೊಂಬೆ ಕೆತ್ತಿ ಬಣ್ಣ ಹಚ್ಚುವುದನ್ನು ನೋಡಿದಾಗೆಲ್ಲ, ಹಾಗೆ ಬಣ್ಣ ಹಚ್ಚಿದ ಮುಂಭಾಗ ಒಂದಿರಬೇಕು ಎಂಬ ಆಸೆ ನನಗೆ ಬಹಳ ವರ್ಷದಿಂದ ಇದೆ. ಮರ ಬಿಸಿಯನ್ನು ಬಿಟ್ಟುಕೊಡುವುದಿಲ್ಲ, ಆದ್ದರಿಂದ ಮುಂಭಾಗಕ್ಕೆ ಮಾತ್ರ, ಹೀಟ್‌ಸಿಂಕ್ ಇರುವ ಹಿಂಭಾಗಕ್ಕೆ ಬೇಡ.

ಇದಕ್ಕೆಲ್ಲ ಮೊದಲು ಒಂದು ಕೆಲಸ ಮಾಡಬೇಕೆಂಬುದು ನನ್ನ ಒತ್ತಾಯ. ನಮ್ಮ ಸಂತೆಗಳಲ್ಲಿ, ಗುಜರಿಯಲ್ಲಿ ಕ್ಯಾಸೆಟ್ ಹಾಕುವ ಹಳೇ ಟಿವಿ ವಿಡಿಯೋ ಗೇಮ್ ಇನ್ನೂ ಸಿಗುತ್ತದೆ, 1983ರ ಜಪಾನಿನ ಫ್ಯಾಮಿಕಾಮ್‌ನ ನಕಲು. ಬಿಚ್ಚಿದರೆ ಬಹಳಷ್ಟರಲ್ಲಿ ಒಂದು ಕಪ್ಪು ಅಂಟಿನ ಗುಡ್ಡೆ, ಅದರೊಳಗೇ ಇಡೀ ಯಂತ್ರ. ಪಕ್ಕದಲ್ಲಿ 7805 ಐಸಿ 9 ವೋಲ್ಟನ್ನು 5ಕ್ಕೆ ಇಳಿಸಿ ಉಳಿದ 4 ವೋಲ್ಟನ್ನು ಬರೀ ಬಿಸಿ ಮಾಡಿ ಚೆಲ್ಲುತ್ತಿರುತ್ತದೆ. ಆ 7805 ಕಿತ್ತು, ಒಂದೇ ಒಂದು 18650 ಸೆಲ್ಲಿನಿಂದ ವೋಲ್ಟೇಜ್ ಏರಿಸುವ ಎಂಟಿ3608 ಬೂಸ್ಟ್ ಮಾಡ್ಯೂಲ್ ಮೂಲಕ 5 ವೋಲ್ಟ್ ಕೊಡು. ಚಾರ್ಜಿಗೆ ರಕ್ಷಣೆ ಇರುವ ಟಿಪಿ4056 ಚಾರ್ಜಿಂಗ್ ಮಾಡ್ಯೂಲ್ ಸಾಕು. ಮೀಟರ್ ಹಿಡಿಯುವುದು, ವೋಲ್ಟೇಜ್ ಕೂರಿಸುವುದು, ಸ್ಕ್ರೀನ್ ಜೋಡಿಸುವುದು, ಪೆಟ್ಟಿಗೆಯಲ್ಲಿ ಜಾಗ ಹೊಂದಿಸುವುದು ಎಲ್ಲವನ್ನೂ ಅದು ಕಲಿಸುತ್ತದೆ. ಕೆಟ್ಟರೂ ಮನೆಯಲ್ಲಿ ಯಾರಿಗೂ ನೋವಾಗುವುದಿಲ್ಲ.

ಅದು ಓಡಿದ ಮೇಲೆ ಪಿಎಸ್2 ಬಿಚ್ಚು. ಬಿಚ್ಚಿದರೂ ಪೆಟ್ಟಿಗೆ ಕಟ್ಟಲು ಅವಸರ ಮಾಡಬೇಡ. ಬೋರ್ಡು, ಪ್ಯಾಕು, ಕನ್ವರ್ಟರು, ಸ್ಕ್ರೀನು ಎಲ್ಲವನ್ನೂ ಹಲಗೆಯ ಮೇಲೆ ಹರಡಿ ಬ್ಯಾಟರಿಯಲ್ಲೇ ಆಡು, ಅಣ್ಣನನ್ನೂ ಪಕ್ಕಕ್ಕೆ ಕೂರಿಸಿಕೋ. ಅರ್ಧ ಗಂಟೆಗೊಮ್ಮೆ ಸೆಲ್ಲಿನ ಮೈ, ಕನ್ವರ್ಟರಿನ ಮೈ ಎಷ್ಟು ಡಿಗ್ರಿ ಇದೆ ಎಂದು ಮೀಟರಿನ ತಾಪದ ವೈರಿನಿಂದ ನೋಡಿ ಬರೆ. ಅದನ್ನು ಏಪ್ರಿಲ್ ಮಧ್ಯಾಹ್ನ ಒಮ್ಮೆ ಮಾಡಬೇಕು, ಡಿಸೆಂಬರಿನ ಅಂಕಿ ನಮ್ಮ ಊರಿಗೆ ಲೆಕ್ಕಕ್ಕಿಲ್ಲ. ಆ ನಾಲ್ಕು ಕರೆಂಟಿನ ಅಂಕಿ, ಈ ತಾಪದ ಅಂಕಿ, ಅಡಿಯ ಚೀಟಿಯ ಮಾಡೆಲ್ ನಂಬರ್ ಬರೆದು ಕಳಿಸು. ಮೂರು ಸೆಲ್ ಸಾಕೋ ಆರು ಬೇಕೋ, ಫ್ಯಾನ್ ಎಲ್ಲಿ ಕೂರಬೇಕೋ ಆಗ ಹೇಳುತ್ತೇನೆ.